ರಾಯಭಾರಿಯ ಮಾತು, ಕಂಪನಿಯ ಲೆಕ್ಕ

ಡೊಂಬಿವಲಿಯಲ್ಲಿ ನಾನು ರೈಲಿಗೆ ಹೋಗುವ ದಾರಿಯಲ್ಲಿ ಕುಡಿಯುವ ನೀರಿನ ಯಂತ್ರ ಒಂದಿದೆ. ಯಾವುದೋ ಕಂಪನಿ ಜನಸೇವೆಗೆ ಅಂತ ಹಾಕಿಸಿದ್ದು. ಕಂಪನಿಯ ಹೆಸರು ದೂರದಿಂದಲೇ ಓದಬಹುದು, ಅಷ್ಟು ದೊಡ್ಡ ಅಕ್ಷರ. ನೀರು ಮಾತ್ರ ಮೊದಲ ಮಳೆಗಾಲದವರೆಗೆ ಬಂತು. ಈಗ ನಲ್ಲಿಯ ಕೆಳಗೆ ಹೂ ಮಾರುವ ಮಾವಶಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ.

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಬಿಟ್ಟಿ ಸಿಕ್ಕಿದ್ದನ್ನು ಅಳೆಯಬಾರದಂತೆ. ಆದರೆ ಕಂಪನಿಗಳ ವಿಷಯದಲ್ಲಿ ಹೀಗೆ ಮೊಳ ಹಾಕುವುದೇ ಕೆಲವರ ವೃತ್ತಿ. ಅವರಲ್ಲಿ ರಾಯಭಾರಿಗಳಿದ್ದಾರೆ, ಕಂಪನಿ ಅಧ್ಯಕ್ಷರಿದ್ದಾರೆ, ಪ್ರೊಫೆಸರುಗಳಿದ್ದಾರೆ, ಒಬ್ಬ ಪಾದ್ರಿಯೂ ಇದ್ದರು. ಅವರು ಮಾಡುವ ಕೆಲಸಕ್ಕೆ 'ಜಾಗತಿಕ ಕಾರ್ಪೊರೇಟ್ ಪೌರತ್ವ' ಎಂಬ ಭಾರದ ಹೆಸರಿದೆ. ಕೆಲವರು ಇದನ್ನೇ 'ಕಾರ್ಪೊರೇಟ್ ನಾಗರಿಕತೆ' ಎಂದು ಬರೆಯುತ್ತಾರೆ. ಸಿಂಧೂ ಕಣಿವೆಯಲ್ಲಿ ಅಗೆದಾಗ ಸಿಕ್ಕಿದ್ದೇನೋ ಅನ್ನಿಸುತ್ತದೆ!

ವಿಷಯ ಅಷ್ಟು ಕಷ್ಟದ್ದಲ್ಲ. ನಾನು ಬೆಳೆದದ್ದು ಪರೇಲಿನ ಒಂದು ಚಾಳಿನಲ್ಲಿ. ಅಲ್ಲಿ ಒಬ್ಬರು ಗಣಪತಿ ಹಬ್ಬಕ್ಕೆ ಎಲ್ಲರಿಗಿಂತ ಜಾಸ್ತಿ ವಂತಿಗೆ ಕೊಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಸಾಮಾನ್ಯ ನಲ್ಲಿಗೆ ಪಂಪು ಹಾಕಿ ನೀರೆಲ್ಲ ಎಳೆದುಕೊಳ್ಳುತ್ತಿದ್ದವರೂ ಅವರೇ. ಪಕ್ಕದ ಖೋಲಿಯವರ ವಂತಿಗೆ ಸಾಧಾರಣ. ಆದರೆ ಅವರು ನೀರಿನ ಸರದಿ ಒಂದು ದಿನವೂ ತಪ್ಪಿಸಲಿಲ್ಲ, ಮೆಟ್ಟಿಲ ಮೇಲೆ ಕಸ ಬಿಡಲಿಲ್ಲ. ಮೊದಲಿನವರು ದಾನಿ, ಎರಡನೆಯವರು ಚಾಳಿನವರು. ಕಂಪನಿಯೊಂದು ತಾನು ದುಡಿಯುವ ಊರಿನಲ್ಲಿ ಈ ಎರಡನೆಯವರ ಹಾಗೆ ಇರಬೇಕು ಅನ್ನುವುದೇ ಕಾರ್ಪೊರೇಟ್ ಪೌರತ್ವ. ಆ ಊರು ಯಾವ ದೇಶದ್ದಾದರೂ ಸರಿ ಅಂದಾಗ 'ಜಾಗತಿಕ' ಸೇರುತ್ತದೆ.

ನಮ್ಮಲ್ಲಿ ಇದನ್ನು ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚಿನ ಜೊತೆ ಕಲಸಿಬಿಟ್ಟಿದ್ದೇವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದರೆ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಒಳ್ಳೆಯ ಕಾನೂನೇ. ಆದರೆ ಅದು ಕೇಳುವುದು ಲಾಭ ಬಂದ ಮೇಲಿನ ಮಾತು. ಲಾಭ ಹೇಗೆ ಬಂತು ಅನ್ನುವುದು ಅದರ ಪ್ರಶ್ನೆಯಲ್ಲ.

ಇನ್ನೊಂದು ತಮಾಷೆ ನೋಡಿ. ಬರೀ ತನ್ನ ನೌಕರರಿಗಾಗಿ ಮಾಡಿದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಫೋರ್ಟಿನಲ್ಲಿ ನಮ್ಮವರ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆ ಶಾಲೆಗಳನ್ನು ನಡೆಸಿದವು. ಗಿರಾಕಿ ತುಂಬಿದ ಹೊತ್ತಿನಲ್ಲೂ 'ಹೋಗು ಮಾರಾಯ, ಶಾಲೆಗೆ ಹೊತ್ತಾಯ್ತು' ಎಂದು ಕಳಿಸಿದ ಮಾಲಿಕರಿದ್ದರು. ಕಳಿಸದವರೂ ಇದ್ದರು ಬಿಡಿ. ಇವತ್ತು ಒಂದು ದೊಡ್ಡ ಕಂಪನಿ ತನ್ನದೇ ಹುಡುಗರಿಗೆ ಅಷ್ಟನ್ನೇ ಮಾಡಿದರೆ ಶೇ. 2ರ ಪಟ್ಟಿಯಲ್ಲಿ ಜಾಗವಿಲ್ಲ. ನನಗೆ ಕೇಳಿದರೆ ಪೌರತ್ವ ಅಂದರೆ ಅದೇ.

ದಾನ ಬೇರೆ, ನಡವಳಿಕೆ ಬೇರೆ ಅನ್ನುವುದಕ್ಕೆ ಮುಂಬೈಯಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ಬಾಂದ್ರಾದಿಂದ ಮಾಹಿಮ್‌ಗೆ ದಾಟುವ ಕಾಸ್‌ವೇ, ಅಂದರೆ ನೀರಿನ ನಡುವೆ ಕಟ್ಟಿದ ದಾರಿ, ಆದದ್ದು 1840ರ ದಶಕದಲ್ಲಿ, ಅವಾಬಾಯಿ ಜೀಜೀಭಾಯ್ ಕೊಟ್ಟ ಹಣದಿಂದ. ಜೆ.ಜೆ. ಆಸ್ಪತ್ರೆ ಅವರ ಗಂಡ ಜಮ್‌ಸೇಟ್‌ಜೀ ಜೀಜೀಭಾಯ್ ಅವರ ಹೆಸರಿನದು. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಚಿತ್ರ ಕಲಿತ ಜೆ.ಜೆ. ಕಲಾಶಾಲೆಯೂ ಅವರದ್ದೇ ಹೆಸರಿನದು. ಆ ಸಂಪತ್ತು ಬಂದದ್ದು ಚೀನಾದ ಜೊತೆಗಿನ ಹತ್ತಿ ಮತ್ತು ಅಫೀಮಿನ ವ್ಯಾಪಾರದಿಂದ. ಕಾಸ್‌ವೇ ಮೇಲೆ ಓಡಾಡುವ ನಾವು ಕೃತಜ್ಞರಾಗಿರೋಣ. ಅಫೀಮಿನ ಚಟ ಹತ್ತಿದ ಊರುಗಳಲ್ಲಿ ಈ ಮಾತು ನಡೆಯುವುದಿಲ್ಲ, ಅಲ್ವಾ?

ಇದರ ಎದುರಿಗೆ ಇನ್ನೊಂದು ಲೆಕ್ಕ ಇಡುತ್ತೇನೆ. ಟಾಟಾಗಳ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ 1912ರಲ್ಲೇ 8 ಗಂಟೆಯ ದುಡಿಮೆ ಜಾರಿಗೆ ತಂದಿತು. ಆಗ ಅದನ್ನು ಬೇಡುವ ಕಾನೂನು ಇಲ್ಲಿ ಇರಲಿಲ್ಲ. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದಾಗ, ಅದರ ಮೊತ್ತಮೊದಲ ಒಡಂಬಡಿಕೆ ಇದೇ 8 ಗಂಟೆಯ ದುಡಿಮೆಯ ಬಗ್ಗೆ ಇತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ನಮಗೆಲ್ಲ ಗೊತ್ತು. ಈ 8 ಗಂಟೆಯ ಸಂಗತಿಗೆ ಕಟ್ಟಡವಿಲ್ಲ, ಹೆಸರಿನ ಫಲಕವಿಲ್ಲ. ಹಾಗಾಗಿ ಯಾರಿಗೂ ನೆನಪಿಲ್ಲ.

ರಾಯಭಾರಿಗೆ ಇಲ್ಲಿ ಏನು ಕೆಲಸ?

ಕಂಪನಿ ಗಡಿ ದಾಟುತ್ತದೆ, ಕಾನೂನು ದಾಟುವುದಿಲ್ಲ. ತೊಂದರೆಯ ಬೇರು ಇರುವುದು ಇಲ್ಲಿ. ಒಂದು ಅಂಗಿಯ ಹತ್ತಿ ಒಂದು ದೇಶದ್ದು, ಹೊಲಿಗೆ ಇನ್ನೊಂದರದ್ದು, ಮಾರಾಟ ಮೂರನೆಯದರಲ್ಲಿ. ಹೊಲಿದವಳಿಗೆ ಅನ್ಯಾಯವಾದರೆ ಯಾವ ಕೋರ್ಟಿಗೆ ಹೋಗಬೇಕು? ಪೊಲೀಸು ಇಲ್ಲದ ಜಾಗದಲ್ಲಿ ಜನರನ್ನು ಒಂದು ಮಾತಿಗೆ ಒಪ್ಪಿಸುವುದು ರಾಯಭಾರಿಗಳ ಕುಲಕಸುಬು. ಅವರು ಈ ಕೆಲಸಕ್ಕೆ ಬಂದದ್ದು ಆ ಕಾರಣಕ್ಕೆ.

ಇದರಲ್ಲಿ ದೊಡ್ಡ ಹೆಸರು ಕೋಫಿ ಅನಾನ್ ಅವರದು. ಘಾನಾದವರು. ಅವರ ತಂದೆ ಲಿವರ್ ಬ್ರದರ್ಸ್ ಬಳಗದ ಕಂಪನಿಯಲ್ಲಿ ಕೋಕೋ ರಫ್ತು ನೋಡಿಕೊಳ್ಳುತ್ತಿದ್ದರು. ಅಂದರೆ ಮನೆಯಲ್ಲೇ ಕಂಪನಿಯ ಗಾಳಿ ಇತ್ತು. 1962ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಗೆ ಬಜೆಟ್ ಅಧಿಕಾರಿಯಾಗಿ ಸೇರಿದರು. ನಡುವೆ ಅಮೆರಿಕದ ಎಂಐಟಿಯಲ್ಲಿ ಮ್ಯಾನೇಜ್‌ಮೆಂಟ್ ಓದಿ ಬಂದರು. ಬಜೆಟ್ಟು, ಸಿಬ್ಬಂದಿ, ಇಂಥ ಒಣ ವಿಭಾಗಗಳಲ್ಲಿ ವರ್ಷಗಟ್ಟಲೆ ದುಡಿದು, 1997ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾದರು. ಒಳಗಿನ ನೌಕರಿಯಿಂದಲೇ ಆ ಕುರ್ಚಿಗೆ ಏರಿದ ಮೊದಲಿಗರು ಅವರು. ಭಾಷಣಕಾರರಿಗಿಂತ ಲೆಕ್ಕ ಬರೆದವರು ಈ ಕೆಲಸಕ್ಕೆ ಜಾಸ್ತಿ ಒಗ್ಗುತ್ತಾರೆ ಅನ್ನುವುದು ನನ್ನ ಗುಮಾನಿ.

1999ರ ಜನವರಿ 31ರಂದು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಸೇರಿದ್ದ ಉದ್ಯಮಿಗಳ ಮುಂದೆ ಅನಾನ್ ಒಂದು ಒಪ್ಪಂದದ ಪ್ರಸ್ತಾಪ ಇಟ್ಟರು. ಅದೇ 2000ದ ಜುಲೈ 26ರಂದು ನ್ಯೂಯಾರ್ಕಿನಲ್ಲಿ 'ಗ್ಲೋಬಲ್ ಕಾಂಪ್ಯಾಕ್ಟ್' ಆಗಿ ಶುರುವಾಯಿತು. ಮೊದಲಿಗೆ 9 ತತ್ವಗಳು. ಮಾನವ ಹಕ್ಕು, ಕಾರ್ಮಿಕರು, ಪರಿಸರ. 2004ರಲ್ಲಿ ಭ್ರಷ್ಟಾಚಾರದ ಬಗ್ಗೆ ಹತ್ತನೆಯದು ಸೇರಿತು. ನಡೆಯುವ ರೀತಿ ಸರಳ. ಕಂಪನಿಯ ಮುಖ್ಯಸ್ಥರು ಮಹಾ ಕಾರ್ಯದರ್ಶಿಗೆ 'ನಾವು ಒಪ್ಪಿದ್ದೇವೆ' ಎಂದು ಪತ್ರ ಬರೆಯಬೇಕು. ಆಮೇಲೆ ವರ್ಷಕ್ಕೊಮ್ಮೆ ಏನು ಮಾಡಿದಿರಿ ಎಂದು ವರದಿ ಕೊಡಬೇಕು. ಕೊಡದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ದಂಡವಿಲ್ಲ, ಜೈಲಿಲ್ಲ. ಜರ್ಮನಿಯ ಗಿಯೋರ್ಗ್ ಕೆಲ್ ಮೊದಲ 15 ವರ್ಷ ಇದನ್ನು ನಡೆಸಿದರು. ನಲವತ್ತು ಚಿಲ್ಲರೆ ಕಂಪನಿಗಳಿಂದ ಶುರುವಾದದ್ದು ಇವತ್ತು 20,000 ದಾಟಿದೆ.

ದಂಡವೇ ಇಲ್ಲದ ಮೇಲೆ ಏನು ಪ್ರಯೋಜನ ಅಂತ ನೀವು ಕೇಳುತ್ತೀರಿ. ಬಹಳ ಜನ ಕೇಳಿದ್ದಾರೆ. ವಿಶ್ವಸಂಸ್ಥೆಯ ಬಣ್ಣ ನೀಲಿ, ಹಾಗಾಗಿ ಟೀಕಾಕಾರರು ಇದನ್ನು 'ಬ್ಲೂವಾಷ್' ಎಂದು ಕರೆದರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳದಿಗೆ ತಿರುಗಿದ ಪಂಚೆಗೆ ಕೊನೆಯ ಬಕೆಟ್ಟಿನಲ್ಲಿ ನೀಲಿ ಹಾಕಿ ಹಿಂಡಿದರೆ ಬೆಳ್ಳಗೆ ಕಾಣುತ್ತದೆ. ಕೊಳೆ ಹೋಗಿದೆಯಾ ಅನ್ನುವುದು ಬೇರೆ ಮಾತು.

ಆ ಕೊಳೆಯ ಪ್ರಶ್ನೆಗೆ ಇಳಿದವರು ಜಾನ್ ರಗ್ಗಿ. ಹಾರ್ವರ್ಡಿನ ಪ್ರೊಫೆಸರು, ಅನಾನ್ ಅವರ ಸಲಹೆಗಾರರು, ಕಾಂಪ್ಯಾಕ್ಟ್ ರೂಪಿಸಿದವರಲ್ಲಿ ಒಬ್ಬರು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವವರು ಇವರೇ. ಯಾಕೆಂದರೆ ಇವರ ಕೈಗೆ ಬಂದದ್ದು ಮುರಿದ ಗಡಿಗೆ. 2003ರಲ್ಲಿ ವಿಶ್ವಸಂಸ್ಥೆಯ ತಜ್ಞರ ಒಂದು ಉಪಸಮಿತಿ ಕಂಪನಿಗಳ ಮೇಲೆ ನೇರವಾಗಿ ಮಾನವ ಹಕ್ಕಿನ ಹೊಣೆ ಹೊರಿಸುವ ಕರಡು ಮಾಡಿತ್ತು. ಉದ್ಯಮಿಗಳ ಸಂಘಗಳು ಸಿಡಿದೆದ್ದವು. ಸರ್ಕಾರಗಳಿಗೂ ಹಿಡಿಸಲಿಲ್ಲ. 2004ರಲ್ಲಿ ಅದು ಮೂಲೆ ಸೇರಿತು. ಮಾನವ ಹಕ್ಕು ಸಂಘಟನೆಗಳು ಒಂದು ಕಡೆ, ಕಂಪನಿಗಳು ಇನ್ನೊಂದು ಕಡೆ, ಪರಸ್ಪರ ಮುಖ ನೋಡದ ಸ್ಥಿತಿ. 2005ರಲ್ಲಿ ಅನಾನ್ ಅವರು ರಗ್ಗಿಯವರನ್ನು ವಿಶೇಷ ಪ್ರತಿನಿಧಿಯಾಗಿ ನೇಮಿಸಿದರು.

ರಗ್ಗಿ ಆರು ವರ್ಷ ಊರೂರು ತಿರುಗಿದರು. ಬೇರೆ ಬೇರೆ ಖಂಡಗಳಲ್ಲಿ ಸುಮಾರು 50 ಸಮಾಲೋಚನೆ ನಡೆಸಿದರು. ಕೊನೆಗೆ ಮೂರು ಸಾಲಿಗೆ ಬಂದು ನಿಂತರು. ಜನರ ಹಕ್ಕನ್ನು ಕಾಪಾಡುವುದು ಸರ್ಕಾರದ ಕರ್ತವ್ಯ. ಹಕ್ಕನ್ನು ತುಳಿಯದೆ ಗೌರವಿಸುವುದು ಕಂಪನಿಯ ಜವಾಬ್ದಾರಿ. ಪೆಟ್ಟು ತಿಂದವನಿಗೆ ಪರಿಹಾರದ ಬಾಗಿಲು ತೆರೆದಿರಬೇಕು. ಪದಗಳನ್ನು ಗಮನಿಸಿ. ಸರ್ಕಾರಕ್ಕೆ 'ಕರ್ತವ್ಯ', ಕಂಪನಿಗೆ 'ಜವಾಬ್ದಾರಿ'. ಎರಡಕ್ಕೂ ಒಂದೇ ಪದ ಹಾಕಿದ್ದರೆ ಮತ್ತೆ ಜಗಳ. ಕಂಪನಿಯದು ಕಾನೂನಿನ ಹೊಣೆ ಅನ್ನಲಿಲ್ಲ, ದಾನವೂ ಅನ್ನಲಿಲ್ಲ. ನಡುವೆ ಒಂದು ಜಾಗ ಹುಡುಕಿದರು. ಅದರ ಜೊತೆಗೆ ಒಂದು ಗಟ್ಟಿ ಕೆಲಸವನ್ನೂ ಅಂಟಿಸಿದರು. ತನ್ನ ವ್ಯಾಪಾರದಿಂದ ಯಾರಿಗೆ ಪೆಟ್ಟಾಗಬಹುದು ಎಂದು ಕಂಪನಿ ಮೊದಲೇ ತಪಾಸಣೆ ಮಾಡಬೇಕು, ಪೂರೈಕೆದಾರರನ್ನೂ ಸೇರಿಸಿ. 2011ರ ಜೂನ್‌ನಲ್ಲಿ ಮಾನವ ಹಕ್ಕು ಮಂಡಳಿ ಇದನ್ನು ಒಮ್ಮತದಿಂದ ಒಪ್ಪಿತು.

ಅದು ಬರೀ ಕಾಗದವಾಗಿ ಉಳಿಯಲಿಲ್ಲ. 2013ರಲ್ಲಿ ಢಾಕಾ ಬಳಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕೆಲಸಗಾರರು ಸತ್ತ ಮೇಲೆ, ಮಾತು ಸಾಲದು ಅನ್ನುವವರ ದನಿ ಜೋರಾಯಿತು. ಫ್ರಾನ್ಸ್ 2017ರಲ್ಲಿ ಈ ತಪಾಸಣೆಯನ್ನೇ ಕಾನೂನು ಮಾಡಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ನಿರ್ದೇಶನ ತಂದಿತು. ಮರುವರ್ಷವೇ ಅದನ್ನು ಸಡಿಲಿಸುವ ಪ್ರಸ್ತಾಪವೂ ಬಂತು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ.

ಒಂದು ಪದಕ್ಕೆ ಇಷ್ಟು ಗುದ್ದಾಟವೇ ಅಂದರೆ, ಮುಂಬೈಯವರೇ ಒಬ್ಬರನ್ನು ನೆನೆಯಬಹುದು. ಇಲ್ಲಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಹಂಸಾ ಮೆಹ್ತಾ, ಮಾನವ ಹಕ್ಕುಗಳ ಘೋಷಣೆಯ ಕರಡು ತಯಾರಾಗುವಾಗ ಭಾರತದ ಪ್ರತಿನಿಧಿ. ಕರಡಿನಲ್ಲಿ 'ಎಲ್ಲ ಗಂಡಸರೂ' ಎಂಬ ಅರ್ಥ ಕೊಡುವ ಪದವಿತ್ತು. ಅದು ಹೋಗಿ 'ಎಲ್ಲ ಮನುಷ್ಯರೂ' ಎಂದಾದದ್ದರಲ್ಲಿ ಅವರ ಹಟ ದೊಡ್ಡದು. 1948ರ ಆ ಘೋಷಣೆಯೇ ಕಾಂಪ್ಯಾಕ್ಟಿನ ಮೊದಲ ತತ್ವಗಳ ತಳಪಾಯ. ಇವತ್ತು ಕಾರ್ಖಾನೆಯ ಹೆಣ್ಣುಮಕ್ಕಳ ಬಗ್ಗೆ ವಿದೇಶಿ ಖರೀದಿದಾರ ಪ್ರಶ್ನೆ ಕೇಳಿದರೆ, ಆ ಪ್ರಶ್ನೆಯ ಹಿಂದೆ ಈ ಒಂದು ಪದವೂ ಇದೆ.

ಆಚೆ ದಡ, ಈಚೆ ದಡ

ರಾಯಭಾರದಿಂದ ಹಣದ ಲೋಕಕ್ಕೆ, ಅಲ್ಲಿಂದ ಮತ್ತೆ ಈಚೆಗೆ ದಾಟುವವರು ಹೊಸಬರಲ್ಲ. ಮಂಗಳೂರಿನ ಬೆನೆಗಲ್ ಮನೆತನವನ್ನೇ ನೋಡಿ. ಅಣ್ಣ ಬಿ.ಎನ್. ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ, ಆಮೇಲೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರು. ತಮ್ಮ ಬೆನೆಗಲ್ ರಾಮರಾವ್ ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರದ ಪ್ರತಿನಿಧಿಯಾಗಿದ್ದರು, ಅಮೆರಿಕದಲ್ಲಿ ರಾಯಭಾರಿಯಾಗಿದ್ದರು. 1949ರಲ್ಲಿ ಬಂದು ಕುಳಿತದ್ದು ನಮ್ಮ ಫೋರ್ಟಿನ ರಿಸರ್ವ್ ಬ್ಯಾಂಕಿನ ಗವರ್ನರ್ ಕುರ್ಚಿಯಲ್ಲಿ. 1957ರವರೆಗೆ ಇದ್ದರು. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಜೊತೆ ಸರಿಹೋಗದೆ ರಾಜೀನಾಮೆ ಕೊಟ್ಟರು. ಇನ್ನೊಬ್ಬ ಸಹೋದರ ಬಿ. ಶಿವರಾವ್ ಪತ್ರಕರ್ತರು, ಕಾರ್ಮಿಕ ಸಂಘಟಕರು. ಒಂದೇ ಮನೆಯಲ್ಲಿ ರಾಜತಂತ್ರ, ಹಣ, ಕಾರ್ಮಿಕ ಮೂರೂ. ಊಟದ ಹೊತ್ತಿನ ಮಾತು ಹೇಗಿದ್ದಿರಬಹುದು ಎಂದು ಕುತೂಹಲವಾಗುತ್ತದೆ.

ಐರ್ಲೆಂಡಿನ ಪೀಟರ್ ಸದರ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಯ ಮೊದಲ ಮಹಾ ನಿರ್ದೇಶಕರು. ಆಮೇಲೆ ಬಿಪಿ ತೈಲ ಕಂಪನಿಯ ಅಧ್ಯಕ್ಷರು. ಅಲ್ಲಿ ಇರುವಾಗಲೇ, 2006ರಿಂದ, ವಲಸೆಗಾರರ ವಿಷಯದಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ. ನಮ್ಮಲ್ಲಿ ಎಸ್. ಜೈಶಂಕರ್ 2018ರ ಜನವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಹುದ್ದೆಯಿಂದ ಇಳಿದರು. ಅದೇ ವರ್ಷ ಟಾಟಾ ಸನ್ಸ್‌ನಲ್ಲಿ ಜಾಗತಿಕ ವ್ಯವಹಾರಗಳ ಅಧ್ಯಕ್ಷರಾದರು. 2019ರ ಮೇ ತಿಂಗಳಲ್ಲಿ ವಿದೇಶಾಂಗ ಮಂತ್ರಿ. ನಿವೃತ್ತ ಅಧಿಕಾರಿ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ ಇದೆ. ಯಾಕೆ ಇದೆ ಎಂದು ತಿಳಿಯಲು ಮಂಗಳೂರಿನ ರೈಲು ಹತ್ತಿದರೆ ಸಾಕು. ಚಿಪ್ಳೂಣ್, ರತ್ನಾಗಿರಿ ದಾಟುವಾಗ ಪಶ್ಚಿಮಕ್ಕೆ, ಕಡಲಿನ ಕಡೆ ದಾಭೋಳ್ ಇದೆ.

ಅಲ್ಲಿ 1990ರ ದಶಕದಲ್ಲಿ ಅಮೆರಿಕದ ಎನ್ರಾನ್ ವಿದ್ಯುತ್ ಸ್ಥಾವರ ಕಟ್ಟಿತು. ಹಳ್ಳಿಯವರು ವಿರೋಧಿಸಿದರು, ಪೊಲೀಸರ ಏಟು ತಿಂದರು. ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕು ಸಂಘಟನೆ ಈ ಬಗ್ಗೆ ವರದಿ ಪ್ರಕಟಿಸಿದ್ದು 1999ರ ಜನವರಿಯಲ್ಲಿ, ಅನಾನ್ ದಾವೋಸ್‌ನಲ್ಲಿ ಮಾತಾಡಿದ ಅದೇ ತಿಂಗಳು. ಫ್ರಾಂಕ್ ವಿಸ್ನರ್ 1994ರಿಂದ 1997ರವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿ. ಹುದ್ದೆ ಬಿಟ್ಟ ವರ್ಷವೇ ಎನ್ರಾನ್ ಬಳಗದ ಒಂದು ಕಂಪನಿಯ ಆಡಳಿತ ಮಂಡಳಿ ಸೇರಿದರು. ಕಾನೂನು ಅದನ್ನು ತಡೆಯಲಿಲ್ಲ. ಆದರೆ ಹಳ್ಳಿಯವನೊಬ್ಬ 'ಆವತ್ತು ಇವರು ಯಾರ ಪರ ಮಾತಾಡಿದ್ದರು' ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಎನ್ರಾನ್ 2001ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಅದರ ನೀತಿ ಸಂಹಿತೆಯ ಪುಸ್ತಕ ಬಹಳ ಚೆನ್ನಾಗಿತ್ತಂತೆ.

ಪಾದ್ರಿಯ ಕಥೆ ಬಾಕಿ ಇದೆ. ಲಿಯಾನ್ ಸಲಿವನ್ ಫಿಲಡೆಲ್ಫಿಯಾದ ಕಪ್ಪು ಜನಾಂಗದ ಪಾದ್ರಿ. ಜನರಲ್ ಮೋಟರ್ಸ್ ಆಡಳಿತ ಮಂಡಳಿಯ ಸದಸ್ಯರು. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡುವ ಅಮೆರಿಕದ ಕಂಪನಿಗಳಿಗಾಗಿ 1977ರಲ್ಲಿ ನಿಯಮಗಳನ್ನು ಬರೆದರು. ಕರಿಯರು ಬಿಳಿಯರು ಒಂದೇ ಕ್ಯಾಂಟೀನಿನಲ್ಲಿ ಉಣ್ಣಬೇಕು, ಸಮಾನ ಕೆಲಸಕ್ಕೆ ಸಮಾನ ಸಂಬಳ, ಹೀಗೆ. ಬಹಳ ಕಂಪನಿಗಳು ಸಹಿ ಹಾಕಿದವು. ಹತ್ತು ವರ್ಷದ ಮೇಲೆ, 1987ರಲ್ಲಿ, ಸಲಿವನ್ನರೇ ಎದ್ದು ನಿಂತು ಇದು ಸಾಲದು, ವರ್ಣಭೇದ ಹೋಗಿಲ್ಲ, ಕಂಪನಿಗಳು ಆ ದೇಶ ಬಿಟ್ಟು ಬರಲಿ ಅಂದರು. ತಾನೇ ಬರೆದ ನಿಯಮ ಸೋತಿದೆ ಎಂದು ಒಪ್ಪಿಕೊಂಡವರು ಈ ವೃತ್ತಿಯಲ್ಲಿ ಕಡಿಮೆ.

ಸೊನ್ನೆಯ ಕಥೆ

ಈಗ ಮುಂಬೈಗೆ, ನನ್ನ ಟೇಬಲ್ಲಿಗೆ ಬರೋಣ. ಷೇರುಪೇಟೆಯನ್ನು ಕಾಯುವ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಸೆಬಿ, 2022-23ರಿಂದ ಷೇರುಪೇಟೆಯ ಅಗ್ರ 1,000 ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆಯ ವರದಿ ಕಡ್ಡಾಯ ಮಾಡಿತು. ಅದರಲ್ಲಿ 9 ತತ್ವಗಳು. ನೀರು ಎಷ್ಟು ಎಳೆದಿರಿ, ಕಸ ಎಲ್ಲಿ ಹೋಯಿತು, ಯಾರಿಗೆ ಎಷ್ಟು ಸಂಬಳ, ಎಷ್ಟು ಜನರಿಗೆ ಪೆಟ್ಟಾಯಿತು, ಎಲ್ಲ ಅಂಕಿಯಲ್ಲಿ ಬರೆಯಬೇಕು. ಅನಾನ್, ರಗ್ಗಿ ಆಡಿದ ಮಾತು ಕೊನೆಗೂ ಲೆಕ್ಕದ ಪುಸ್ತಕಕ್ಕೆ ಬಂದದ್ದು ಇಂಥ ದಾರಿಯಲ್ಲಿ.

ನಾನು ಆಗ ಠಾಣೆ-ಬೇಲಾಪುರ ಪಟ್ಟಿಯ ಒಂದು ಕಾರ್ಖಾನೆಯಲ್ಲಿ, ಕಂಪನಿ ಸೆಕ್ರೆಟರಿಯ ಕೈಕೆಳಗೆ ಇದ್ದೆ. ಹೆಸರು ಬೇಡ. ಅಂಕಿ ಒಟ್ಟು ಮಾಡುವುದು ನನ್ನ ಪಾಲಿಗೆ ಬಂತು. ಅಪಘಾತದ ಕಾಲಮ್ಮಿನಲ್ಲಿ ಸೊನ್ನೆ ಬರೆದು ಕಳಿಸಿದ್ದರು. ನಾನೂ ಹಾಗೇ ನಕಲು ಮಾಡಿದೆ. ಆ ದಿನ ಕ್ಯಾಂಟೀನಿನಲ್ಲಿ ಕಾರ್ಕಳದ ಶೆಟ್ಟರು ಚಹಾ ಕೊಡುತ್ತಾ ಹೇಳಿದರು: 'ಮಾರಾಯ್ರೆ, ಆ ಪ್ರೆಸ್ ಮಷೀನಿನ ಹುಡುಗ ಈಗ ಎಡಗೈಯಲ್ಲಿ ಗ್ಲಾಸ್ ಹಿಡಿಯುವುದು. ನೋಡಿದಿರಾ?' ಅವನ ಬಲಗೈಯ ಎರಡು ಬೆರಳು ಹೋಗಿದ್ದವು. ಅವನು ಗುತ್ತಿಗೆಯವನು. 'ನಮ್ಮ ಮಸ್ಟರಿನಲ್ಲಿ, ಹಾಜರಿ ಪುಸ್ತಕದಲ್ಲಿ ಇಲ್ಲ' ಎಂದರು ಮೇಲಿನವರು. ವರದಿಯ ನಮೂನೆಯಲ್ಲಿ ಗುತ್ತಿಗೆಯವರಿಗೂ ಸಾಲು ಇದೆ ಎಂದು ನಾನು ಹೇಳಿದೆ. ಕೇಳಿಸಿಕೊಂಡರು, ಅಷ್ಟೇ. ನಾನು ಮಾಡಿದ್ದು ಒಂದೇ ಕೆಲಸ. ಸೊನ್ನೆಯ ಪಕ್ಕದಲ್ಲೇ ಕಾಯಂ ನೌಕರರು 340, ಗುತ್ತಿಗೆಯವರು 610 ಎಂಬ ಸಾಲನ್ನು ಎತ್ತಿ ಕಾಣುವಂತೆ ಕೂರಿಸಿದೆ.

ನಮ್ಮ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಬ್ಬ ಸ್ವತಂತ್ರ ನಿರ್ದೇಶಕರಿದ್ದರು, ಅಂದರೆ ಹೊರಗಿನವರು, ವಿದೇಶಾಂಗ ಸೇವೆಯಿಂದ ನಿವೃತ್ತರು. ಸಭೆಯಲ್ಲಿ ಜಾಸ್ತಿ ಮಾತಾಡುತ್ತಿರಲಿಲ್ಲ. ಕಾಗದ ಹಂಚುವುದಕ್ಕೆ ನಾನೂ ಹಿಂದೆ ನಿಂತಿದ್ದೆ. ಅವರು ಕನ್ನಡಕ ತೆಗೆದು, ಯಾವುದೋ ಪುಟ ಹುಡುಕುವವರ ಹಾಗೆ, 'ಈ 610 ಜನರ ಅಪಘಾತದ ಲೆಕ್ಕ ಎಷ್ಟನೇ ಪುಟದಲ್ಲಿದೆ?' ಅಂದರು. ಮುಚ್ಚಿಟ್ಟಿದ್ದೀರಿ ಅನ್ನಲಿಲ್ಲ. ದನಿ ಏರಿಸಲಿಲ್ಲ. ಪುಟ ಇರಲಿಲ್ಲವಲ್ಲ, ಯಾರಿಗೂ ಉತ್ತರ ಸಿಗಲಿಲ್ಲ. 'ಹಾಗಾದರೆ ಮುಂದಿನ ವಾರ ಕಳಿಸಿ, ಅಲ್ಲಿಯವರೆಗೆ ಇದಕ್ಕೆ ಸಹಿ ಬೇಡ' ಎಂದು ನಕ್ಕರು. ಆ ನಗುವಿನ ಹಿಂದೆ ಮೂವತ್ತು ಚಿಲ್ಲರೆ ವರ್ಷದ ಅನುಭವ ಇತ್ತು. ಎದುರಿನವನ ಮುಖ ಉಳಿಸಿ ಅವನ ಕೈಯಿಂದಲೇ ಕೆಲಸ ಮಾಡಿಸುವುದು. ಮುಂದಿನ ವಾರ ಸೊನ್ನೆ ಹೋಗಿ 3 ಬಂತು. ತಿಂಗಳೊಳಗೆ ಪ್ರೆಸ್ಸಿಗೆ ಗಾರ್ಡ್ ಬಂತು. ಹುಡುಗನ ಬೆರಳು ಬರಲಿಲ್ಲ. ಪರಿಹಾರಕ್ಕೆ ಅವನು ಇನ್ನೂ ಒಂದು ವರ್ಷ ಓಡಾಡಬೇಕಾಯಿತು.

ನನ್ನ ಅಕ್ಕನ ಮಗಳು ಈಗ ಇದೇ ಕೆಲಸಕ್ಕೆ ಬರಬೇಕು ಅನ್ನುತ್ತಿದ್ದಾಳೆ. 'ಮಾಮ, ಯಾವ ದಾರಿ ಒಳ್ಳೆಯದು?' ಎಂದು ಕೇಳುತ್ತಾಳೆ. ದಾರಿ ಹಲವು. ಯುಪಿಎಸ್‌ಸಿ ಬರೆದು ವಿದೇಶಾಂಗ ಸೇವೆ ಸೇರಬಹುದು. ಆ ವರ್ಷದ ದೇಶಗಳ ಪಟ್ಟಿಯಲ್ಲಿ ಭಾರತ ಇದ್ದರೆ, 32 ದಾಟುವ ಮುಂಚೆ ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆ ಕಟ್ಟಬಹುದು. ದೇವನಾರಿನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಓದಬಹುದು. 1936ರಲ್ಲಿ ದೊರಾಬ್ಜಿ ಟಾಟಾ ಹೆಸರಿನಲ್ಲಿ ಶುರುವಾದ ಸಮಾಜಸೇವೆಯ ಶಾಲೆ ಅದು. ಮುಂಬೈಯ ದೂತಾವಾಸ ಕಚೇರಿಗಳ ವ್ಯಾಪಾರ ವಿಭಾಗದಲ್ಲಿ ಸ್ಥಳೀಯರಿಗೂ ಕೆಲಸ ಇರುತ್ತದೆ. ಕಂಪನಿಯ ಕಡೆಯಿಂದ ಬರುವವರು ಸಿಎ, ಕಾನೂನು, ಪರಿಸರ ಎಂಜಿನಿಯರಿಂಗ್ ಓದಿದವರು. ಭಾಷೆಯ ವಿಷಯದಲ್ಲಿ ಅವಳಿಗೆ ಚಿಂತೆಯಿಲ್ಲ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಕೆಳಗಿನ ಅಂಗಡಿಯಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಕೋಪ ಬಾರದ ಹಾಗೆ ದಾಟಿಸುವುದನ್ನು ಮುಂಬೈಯ ಮಕ್ಕಳಿಗೆ ಬೇರೆ ಕಲಿಸಬೇಕಾಗಿಲ್ಲ.

ಹೋದ ವಾರ ಅವಳಿಗೆ ಒಂದು ಕಂಪನಿಯ ಸಂದರ್ಶನ ಇತ್ತು. ವೆಬ್‌ಸೈಟಿನಲ್ಲಿ ಗಿಡ ನೆಡುವ ಫೋಟೋ ನೋಡುತ್ತಾ ಕೂತಿದ್ದಳು. ಅದನ್ನು ಮುಚ್ಚಿಸಿ ಅವರ ಬಿಆರ್‌ಎಸ್‌ಆರ್ ತೆರೆಸಿದೆ. 3ನೇ ತತ್ವದ ಕೆಳಗೆ ಸುರಕ್ಷತೆಯ ಕೋಷ್ಟಕ ಇರುತ್ತದೆ. ನೌಕರರಿಗೆ ಒಂದು ಸಾಲು, ಕಾರ್ಮಿಕರಿಗೆ ಒಂದು ಸಾಲು. ಎರಡನೆಯ ಸಾಲಿನಲ್ಲಿ ಸೊನ್ನೆ ಇತ್ತು. 'ಎಷ್ಟು ಜನ ಗುತ್ತಿಗೆಯವರಿದ್ದಾರೆ ಹುಡುಕು' ಅಂದೆ. ಅವಳು ಪುಟ ಹಿಂದಕ್ಕೆ ತಿರುಗಿಸತೊಡಗಿದಳು.